ವಿದೇಶಕ್ಕೆ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಒಯ್ಯುವಾಗ ಕಸ್ಟಮ್ಸ್‌ನಲ್ಲಿ ಏನಾಗುತ್ತದೆ?

ಬಡಗುತಿಟ್ಟು

ಎಲ್ಲರಿಗೂ ನಮಸ್ಕಾರ. ಯಕ್ಷಗಾನದ ಕುರಿತು ಉಪನ್ಯಾಸ ಮತ್ತು ಕಾರ್ಯಾಗಾರ ನಡೆಸಿಕೊಡಲು ಮುಂದಿನ ತಿಂಗಳು ಬೆಂಗಳೂರಿನಿಂದ ಲಂಡನ್ ಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವನಿದ್ದೇನೆ. ನನ್ನದೊಂದು ಲ್ಯಾಪ್‌ಟಾಪ್, ಕಾಲೇಜಿನವರು ಕೊಟ್ಟಿರುವ ಇನ್ನೊಂದು, ತಲಾ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಜೊತೆಗಿರುತ್ತವೆ. ಒಂದು ಡಿಸ್ಕಿನಲ್ಲಿ ಪ್ರದರ್ಶನಗಳ ವಿಡಿಯೊಗಳಿದ್ದು, ಅದನ್ನು ಅಲ್ಲಿನ ಗ್ರಂಥಾಲಯಕ್ಕೆ ಕೊಟ್ಟು ಬರುವ ಉದ್ದೇಶವಿದೆ. ಇನ್ನೊಂದರಲ್ಲಿ ಹಿರಿಯ ಭಾಗವತರ ಮತ್ತು ವೇಷಧಾರಿಗಳ ಸಂದರ್ಶನಗಳಿವೆ. ಅವರಲ್ಲಿ ಕೆಲವರು ಮೇಳದ ಯಜಮಾನಿಕೆ, ಸಂಬಳ, ಒಳಜಗಳಗಳ ಬಗ್ಗೆ ಮನಬಿಚ್ಚಿ ಮಾತನಾಡಿ, ತಾವು ಬದುಕಿರುವವರೆಗೆ ಅದು ಹೊರಗೆ ಬರಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಹಿಂದಿರುಗುವಾಗ ಈ ಸಾಮಾನುಗಳಿಗೆ ಬೆಂಗಳೂರಿನಲ್ಲಿ ಸುಂಕ ಕೇಳುತ್ತಾರೆಯೇ? ಅಲ್ಲಿಳಿದಾಗ ಅಧಿಕಾರಿಗಳು ಡಿಸ್ಕನ್ನು ತೆರೆದು ತೋರಿಸಿ ಎಂದರೆ ಏನು ಮಾಡಬೇಕು? ಇದರ ನಡುವೆ ಸಂಬಂಧಿಕರೊಬ್ಬರು, ಭಾರತಕ್ಕೆ ಲ್ಯಾಪ್‌ಟಾಪ್ ತರುವುದನ್ನೇ ಸರ್ಕಾರ ನಿಲ್ಲಿಸಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ ಗಾಬರಿ ಹುಟ್ಟಿಸಿದ್ದಾರೆ. ತಿಳಿದವರು ದಯವಿಟ್ಟು ತಿಳಿಸಿ.

ಸುಂಕದಕಟ್ಟೆ

ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ಭಾರತದ ಕಡೆಯ ವಿಷಯವನ್ನು ಹೇಳಬಲ್ಲೆ. ಅದಕ್ಕೂ ಮೊದಲು ಒಂದು ಮಾತು. ನೀವು ಒಂದೇ ಉಸಿರಿನಲ್ಲಿ ಕೇಳಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳನ್ನು. ಬೆಂಗಳೂರಿನಲ್ಲಿ ಸುಂಕದ ಅಧಿಕಾರಿ ಸಾಮಾನ್ಯವಾಗಿ ಕೇಳುವುದು ವಸ್ತುವಿನ ಬೆಲೆ ಎಷ್ಟು, ಎಲ್ಲಿ ಕೊಂಡಿದ್ದು, ಹೊಸದೋ ಹಳೆಯದೋ ಎಂದು. ಅಮೆರಿಕದ ಗಡಿಯಲ್ಲಿ ನಿಮ್ಮನ್ನು ಕಾಡಬಹುದಾದ ಪ್ರಶ್ನೆ ಅದರೊಳಗೆ ಏನಿದೆ ಎಂಬುದು. ಮೊದಲನೆಯದಕ್ಕೆ ಉತ್ತರ ಕಾಗದಪತ್ರ. ಎರಡನೆಯದಕ್ಕೆ ಕಾಗದಪತ್ರದಿಂದ ಹೆಚ್ಚೇನೂ ಉಪಯೋಗವಿಲ್ಲ, ಅಲ್ಲಿ ಲೆಕ್ಕಕ್ಕೆ ಬರುವುದು ನೀವು ಏನನ್ನು ಮನೆಯಲ್ಲಿ ಬಿಟ್ಟು ಹೊರಟಿರಿ ಎಂಬುದು. ಇವೆರಡನ್ನೂ ಕಲಸಿಕೊಂಡವರು ಬಿಲ್ಲುಗಳನ್ನು ಜೋಪಾನವಾಗಿಟ್ಟುಕೊಂಡು ಡೇಟಾವನ್ನು ಬಯಲಿನಲ್ಲಿಡುತ್ತಾರೆ, ಇಲ್ಲವೇ ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದೇ ಸಾಕೆಂದು ಬಿಲ್ಲನ್ನು ಎಸೆದುಬಿಡುತ್ತಾರೆ.

ವಾಟ್ಸ್‌ಆ್ಯಪ್ ಸಂದೇಶದ ಮೂಲ ಹೀಗಿದೆ. 2023ರ ಆಗಸ್ಟ್ 3ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಸರ್ವರ್ ಮೊದಲಾದವುಗಳ ಆಮದಿಗೆ ಪರವಾನಗಿ ಬೇಕೆಂದು ಅಧಿಸೂಚನೆ ಹೊರಡಿಸಿತು. ಮರುದಿನವೇ ಅದರ ಜಾರಿಯನ್ನು ಮುಂದಕ್ಕೆ ಹಾಕಿತು, ಆಮೇಲೆ ಆನ್‌ಲೈನ್‌ನಲ್ಲಿ ಅನುಮತಿ ಪಡೆಯುವ ವ್ಯವಸ್ಥೆಯಾಗಿ ಅದನ್ನು ಬದಲಾಯಿಸಿತು. ಪ್ರಯಾಣಿಕರು ಬ್ಯಾಗೇಜ್ ನಿಯಮಗಳ ಪ್ರಕಾರ ತರುವ ವಸ್ತುಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲವೆಂದು ಮೂಲ ಅಧಿಸೂಚನೆಯಲ್ಲೇ ಬರೆದಿತ್ತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಆ ಸಾಲನ್ನು ಓದಲಿಲ್ಲ.

ಹದಿನೆಂಟು ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಈ ರಿಯಾಯಿತಿ ಸಾಮಾನ್ಯ ಉಚಿತ ಮಿತಿಯಿಂದ ಪ್ರತ್ಯೇಕವಾದದ್ದು. 2016ರ ಬ್ಯಾಗೇಜ್ ನಿಯಮಗಳಲ್ಲಿ ಆ ಸಾಮಾನ್ಯ ಮಿತಿ 50,000 ರೂಪಾಯಿ ಇತ್ತು. ಇಂಥ ಮೊತ್ತಗಳನ್ನು ಸರ್ಕಾರ ಪರಿಷ್ಕರಿಸುತ್ತಿರುತ್ತದೆಯಾದ್ದರಿಂದ ಹೊರಡುವ ವಾರದಲ್ಲಿ ಸಿಬಿಐಸಿಯ (ಕೇಂದ್ರದ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ) ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ಮೊತ್ತವನ್ನು ನೋಡಿಕೊಳ್ಳಿ. ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಎರಡನೆಯ ಲ್ಯಾಪ್‌ಟಾಪ್ ಇವೆಲ್ಲ ವಿದೇಶದಲ್ಲಿ ಕೊಂಡವಾದರೆ ಸಾಮಾನ್ಯ ಮಿತಿಯೊಳಗೆ ಬರುತ್ತವೆ. ನೀವು ಇಲ್ಲಿಂದ ಒಯ್ದು ಇಲ್ಲಿಗೇ ತರುವ ಬಳಸಿದ ವಸ್ತುಗಳಿಗೆ ಸುಂಕದ ಪ್ರಶ್ನೆಯೇ ಏಳಬಾರದು. ಅವು ಇಲ್ಲಿಂದ ಹೋದವೇ ಎಂಬುದನ್ನು ತೋರಿಸಬೇಕಾಗಿ ಬಂದರೆ ತೋರಿಸಲು ಏನಾದರೂ ಕೈಯಲ್ಲಿರಬೇಕು, ಅಷ್ಟೇ.

ಅದಕ್ಕೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಎಂಬ ಏರ್ಪಾಡಿದೆ. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ವಸ್ತುವನ್ನು ತೋರಿಸಿದರೆ, ಮಾದರಿ ಮತ್ತು ಸೀರಿಯಲ್ ನಂಬರ್ ಬರೆದು ಪ್ರಮಾಣಪತ್ರ ಕೊಡುತ್ತಾರೆ. ದುಬಾರಿ ಕ್ಯಾಮೆರಾ, ಆಭರಣ, ಹೊಚ್ಚಹೊಸ ಲ್ಯಾಪ್‌ಟಾಪ್‌ಗಳಿಗೆ ಇದು ಒಳ್ಳೆಯದು. ಎರಡು ಮೂರು ವರ್ಷ ಉಜ್ಜಿದ ಲ್ಯಾಪ್‌ಟಾಪಿಗೆ ಬಿಲ್ಲಿನ ಪ್ರತಿ ಸಾಕೆಂದು ನನ್ನ ಅಭಿಪ್ರಾಯ. ಕಾಲೇಜಿನ ಲ್ಯಾಪ್‌ಟಾಪಿಗೆ ಮಾತ್ರ ಕಾಲೇಜಿನ ಮುದ್ರೆಯಿರುವ ಪತ್ರವೊಂದನ್ನು ಸೀರಿಯಲ್ ನಂಬರ್ ಸಹಿತ ಮಾಡಿಸಿಕೊಳ್ಳಿ, ಏಕೆಂದರೆ ಅದರ ಬಿಲ್ ನಿಮ್ಮ ಹೆಸರಿನಲ್ಲಿರುವುದಿಲ್ಲ.

ಕುಡ್ಲದವ

ಮಂಗಳೂರು–ದುಬೈ ನಡುವೆ ಓಡಾಡುವ ನಮ್ಮಂಥವರಿಗೆ ಇದು ಹಳೆಯ ವಿಷಯ. ಊರಿಗೆ ಹೊರಟರೆ ಸಾಕು, ಭಾವನಿಗೊಂದು, ಪಕ್ಕದ ಮನೆಯ ಹುಡುಗನಿಗೊಂದು ಎಂದು ಲ್ಯಾಪ್‌ಟಾಪ್ ತರಲು ಹೇಳುತ್ತಾರೆ. ಎಲ್ಲರೂ ಮಾಡುವುದು ಇಷ್ಟೆ: ಪೆಟ್ಟಿಗೆ, ಥರ್ಮೋಕೋಲ್, ಬಿಲ್ ಎಲ್ಲವನ್ನೂ ಅಲ್ಲೇ ಎಸೆದು, ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು, ಮೂರು ಚೀಲಗಳಲ್ಲಿ ಹಂಚಿ, ಕೇಳಿದರೆ ಬಳಸಿದ್ದು ಎನ್ನುವುದು. ಇಷ್ಟೊಂದು ಕಾನೂನು ಓದುವ ಅಗತ್ಯವಿದೆಯೇ?

ಸುಂಕದಕಟ್ಟೆ

ಕುಡ್ಲದವರೇ, ಆ ಉಪಾಯ ನಿಮಗೆ ತಿಳಿದಿರುವಂತೆ ಕೌಂಟರಿನ ಆಚೆ ಕುಳಿತವರಿಗೂ ತಿಳಿದಿದೆ. ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋದಾಗ ಎಷ್ಟು ಲ್ಯಾಪ್‌ಟಾಪ್ ಇವೆ ಎಂಬುದು ತೆರೆಯ ಮೇಲೆ ಕಾಣುತ್ತದೆ. ಒಂದನ್ನು ಆನ್ ಮಾಡಲು ಹೇಳಿದರೆ, ಮೊದಲ ಸಲ ಹಚ್ಚಿದಾಗ ಭಾಷೆ ಆರಿಸಿ, ದೇಶ ಆರಿಸಿ ಎಂದು ಕೇಳುವ ಪರದೆ ಮೂಡಿದರೆ, ಬಳಸಿದ್ದು ಎಂಬ ನಿಮ್ಮ ಮಾತಿನ ಗತಿಯೇನು? ಬಿಲ್ ಎಸೆದಿದ್ದರೆ ಇನ್ನೂ ಕಷ್ಟ. ಬೆಲೆಗೆ ಆಧಾರವಿಲ್ಲದಿದ್ದಾಗ ಅಧಿಕಾರಿ ಅಂತರಜಾಲದಲ್ಲಿ ಕಾಣುವ ಬೆಲೆಯನ್ನು ಹಿಡಿಯುತ್ತಾರೆ, ನೀವು ರಿಯಾಯಿತಿ ಮಾರಾಟದಲ್ಲಿ ಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ.

ಹೇಳಿಬಿಟ್ಟರೆ ಎಷ್ಟು ಕಟ್ಟಬೇಕಾಗುತ್ತದೆ ಎಂಬುದನ್ನೂ ನೋಡೋಣ. 2016ರ ನಿಯಮಗಳ ಲೆಕ್ಕದಲ್ಲಿ, ನಿಮ್ಮ ಎರಡನೆಯ ಲ್ಯಾಪ್‌ಟಾಪಿನ ಬೆಲೆ 90,000 ರೂಪಾಯಿ ಎಂದುಕೊಳ್ಳಿ. ಬೇರೇನೂ ತಂದಿಲ್ಲದಿದ್ದರೆ 50,000 ಉಚಿತ, ಉಳಿದ 40,000ಕ್ಕೆ ಶೇಕಡಾ 35ರ ಸುಂಕ, ಆ ಸುಂಕದ ಮೇಲೆ ಶೇಕಡಾ 10ರ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ ಒಟ್ಟು ಶೇಕಡಾ 38.5, ಅಂದರೆ 15,400 ರೂಪಾಯಿ. ಸುಂಕದ ವಸ್ತು ಇರುವವರಿಗಾಗಿ ಇರುವ ರೆಡ್ ಚಾನೆಲ್‌ಗೆ ಹೋಗಿ ಹೇಳಿ ಕಟ್ಟಿದರೆ ಇಷ್ಟಕ್ಕೆ ಮುಗಿಯಿತು. ಘೋಷಿಸಲು ಏನೂ ಇಲ್ಲದವರ ಗ್ರೀನ್ ಚಾನೆಲ್‌ನಲ್ಲಿ ನಡೆದು ಸಿಕ್ಕಿಬಿದ್ದರೆ ಅದು 1962ರ ಕಸ್ಟಮ್ಸ್ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಾಡಬೇಕಾದ ಘೋಷಣೆಯನ್ನು ಮಾಡದೆ ತಂದ ಸರಕಾಗುತ್ತದೆ. ಆಗ ಮುಟ್ಟುಗೋಲು, ಬಿಡಿಸಿಕೊಳ್ಳಲು ದಂಡ, ಅದರ ಮೇಲೆ ವೈಯಕ್ತಿಕ ದಂಡ ಎಂದು ಲೆಕ್ಕ ಬೆಳೆಯುತ್ತದೆ.

ವ್ಯಾಪಾರಿಯೊಬ್ಬ ಅದೇ ಲ್ಯಾಪ್‌ಟಾಪನ್ನು ಸರಕಾಗಿ ಆಮದು ಮಾಡಿಕೊಂಡರೆ ಮೂಲ ಸುಂಕ ಸೊನ್ನೆ, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಮಾತ್ರ ಶೇಕಡಾ 18. ಚೀಲದಲ್ಲಿ ತಂದವನಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು. ಇದು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ ಅಲ್ಲ ಎಂದೇ. ಆದರೆ ಆ ಜಗಳವನ್ನು ಕೌಂಟರಿನಲ್ಲಿ ನಿಂತಿರುವ ಅಧಿಕಾರಿಯ ಜೊತೆ ಆಡಿ ಪ್ರಯೋಜನವಿಲ್ಲ.

ಲೆಕ್ಕಿಗ

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರೆ ಇಬ್ಬರ ಮಿತಿಯನ್ನು ಕೂಡಿಸಿ ಆ 90,000ದ ಲ್ಯಾಪ್‌ಟಾಪನ್ನು ಪೂರ್ತಿ ಉಚಿತವಾಗಿ ತರಬಹುದಲ್ಲವೇ? ಹದಿನೇಳು ವರ್ಷದ ಮಗನೂ ಜೊತೆಗಿದ್ದರೆ ಮೂರು ಲ್ಯಾಪ್‌ಟಾಪ್ ಆಗುತ್ತವೆಯೇ?

ಸುಂಕದಕಟ್ಟೆ

ಎರಡಕ್ಕೂ ಇಲ್ಲ ಎಂಬುದೇ ಉತ್ತರ. ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಯೊಡನೆ ಕೂಡಿಸುವಂತಿಲ್ಲ ಎಂದು ನಿಯಮದಲ್ಲೇ ಇದೆ. ಗಂಡನಿಗೊಂದು, ಹೆಂಡತಿಗೊಂದು ಲ್ಯಾಪ್‌ಟಾಪ್ ರಿಯಾಯಿತಿ ಉಂಟು. ಮಗನಿಗೆ ಹದಿನೆಂಟು ತುಂಬಿಲ್ಲವಾದ್ದರಿಂದ ಅವನಿಗೆ ಅದು ಸಿಗುವುದಿಲ್ಲ.

ಹೊರದೇಶದಲ್ಲಿ ನೆಲೆಸಿದವರಿಗೆ ಇನ್ನೊಂದು ಮಾತು. ಕೆಲವೇ ದಿನಗಳ ಮಟ್ಟಿಗೆ ಊರಿಗೆ ಬಂದಿದ್ದು, ಸುಂಕ ಬೀಳುವಂಥ ವಸ್ತು ಜೊತೆಗಿದ್ದು, ಅದನ್ನು ಒಳಗೆ ತರಲು ಇಷ್ಟವಿಲ್ಲದಿದ್ದರೆ, ಅದನ್ನು ಘೋಷಿಸಿ ಕಸ್ಟಮ್ಸ್‌ನ ವಶದಲ್ಲೇ ಇಟ್ಟು ಮರಳುವಾಗ ಪಡೆದುಕೊಳ್ಳಲು ಅದೇ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.

ನ್ಯೂಜೆರ್ಸಿ ಕನ್ನಡತಿ

ಬಡಗುತಿಟ್ಟು ಅವರೇ, ಅಮೆರಿಕದ ಕಡೆಯ ಮಾತನ್ನು ನಾನು ಹೇಳುತ್ತೇನೆ. ಸಂದರ್ಶಕರಾಗಿ ಬರುವವರು ತಮ್ಮ ಬಳಕೆಯ ಲ್ಯಾಪ್‌ಟಾಪ್, ಡಿಸ್ಕ್ ತಂದರೆ ಇಲ್ಲಿ ಸುಂಕವಿಲ್ಲ. ಗ್ರಂಥಾಲಯಕ್ಕೆ ಕೊಟ್ಟುಹೋಗುವ ಡಿಸ್ಕನ್ನು ಮಾತ್ರ ನಿಮ್ಮ ಬಳಕೆಯ ವಸ್ತುಗಳ ಜೊತೆ ಸೇರಿಸಿ ಹೇಳಬೇಡಿ. ಕೇಳಿದರೆ ಅದು ಸಂಸ್ಥೆಗೆ ಕೊಡಲು ತಂದದ್ದೆಂದು, ಅದರ ಬೆಲೆ ಇಷ್ಟೆಂದು ಹೇಳಿ, ಗ್ರಂಥಾಲಯದ ಆಹ್ವಾನ ಪತ್ರವನ್ನು ತೋರಿಸಿ.

ಇನ್ನು ತಪಾಸಣೆ. ಗಡಿಯಲ್ಲಿ ಎಲೆಕ್ಟ್ರಾನಿಕ್ ಸಾಧನಗಳನ್ನು ಹುಡುಕುವ ಬಗ್ಗೆ ಇಲ್ಲಿನ ಸಿಬಿಪಿ (ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆ) 2018ರ ಜನವರಿಯಲ್ಲಿ ಹೊರಡಿಸಿದ ನಿರ್ದೇಶನವು ತಪಾಸಣೆಯನ್ನು ಎರಡು ಬಗೆಯಾಗಿ ವಿಂಗಡಿಸಿತು. ಅಧಿಕಾರಿ ನಿಮ್ಮ ಲ್ಯಾಪ್‌ಟಾಪನ್ನು ಕೈಗೆತ್ತಿಕೊಂಡು ಫೋಲ್ಡರ್‌ಗಳನ್ನು ತೆರೆದು ನೋಡುವುದು ಸಾದಾ ತಪಾಸಣೆ, ಅದಕ್ಕೆ ಯಾವ ಸಂಶಯವೂ ಬೇಕಿಲ್ಲ. ಹೊರಗಿನ ಉಪಕರಣ ಜೋಡಿಸಿ ಒಳಗಿನದನ್ನು ನಕಲು ಮಾಡಿಕೊಳ್ಳುವುದು, ವಿಶ್ಲೇಷಿಸುವುದು ಮುಂದುವರಿದ ತಪಾಸಣೆ. ಅದಕ್ಕೆ ಕಾನೂನು ಉಲ್ಲಂಘನೆಯ ಸಕಾರಣ ಸಂಶಯವಾದರೂ ಇರಬೇಕು, ಇಲ್ಲವೇ ರಾಷ್ಟ್ರೀಯ ಭದ್ರತೆಯ ಆತಂಕವಾದರೂ ಇರಬೇಕು. ಜೊತೆಗೆ ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಸಾಧನದಲ್ಲಿ ಇರುವುದನ್ನು ಮಾತ್ರ ನೋಡಬಹುದೇ ಹೊರತು ದೂರದ ಸರ್ವರ್‌ನಲ್ಲಿ ಇರುವುದನ್ನಲ್ಲ. ಅದಕ್ಕಾಗಿಯೇ ನೆಟ್‌ವರ್ಕ್ ಸಂಪರ್ಕ ಕಡಿದು ನೋಡಬೇಕೆಂಬ ಸೂಚನೆಯಿದೆ. ಸಾಧನವನ್ನು ಇಟ್ಟುಕೊಳ್ಳುವುದಾದರೆ ಸಾಮಾನ್ಯವಾಗಿ ಐದು ದಿನ ಎಂದಿದೆ, ಆದರೆ ಮೇಲಿನವರ ಒಪ್ಪಿಗೆಯಿಂದ ಅದನ್ನು ವಿಸ್ತರಿಸಬಹುದು. ಇಟ್ಟುಕೊಂಡರೆ ರಸೀದಿಯನ್ನು ಕೇಳಿ ಪಡೆಯಿರಿ.

ನ್ಯಾಯಾಲಯಗಳ ತೀರ್ಪು ಊರಿಗೊಂದು ರೀತಿ ಇದೆ. ಬಂಧಿತರ ಫೋನ್ ನೋಡಲು ವಾರಂಟ್ ಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ, ಆದರೆ ಅದು ಗಡಿಯ ತಪಾಸಣೆಗೆ ಸಂಬಂಧಿಸಿದ ತೀರ್ಪಲ್ಲ. ನೀವಿಳಿಯುವ ಕ್ಯಾಲಿಫೋರ್ನಿಯಾ ಒಂಬತ್ತನೇ ಸರ್ಕಿಟ್ ಎಂಬ ಪ್ರಾದೇಶಿಕ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ. ಲ್ಯಾಪ್‌ಟಾಪಿನ ಫೊರೆನ್ಸಿಕ್ ಪರೀಕ್ಷೆಗೆ ಸಕಾರಣ ಸಂಶಯ ಬೇಕೆಂದು ಆ ನ್ಯಾಯಾಲಯ 2013ರಲ್ಲೇ ಹೇಳಿತ್ತು. ಬಾಸ್ಟನ್ ಕಡೆಯ ಮೊದಲನೇ ಸರ್ಕಿಟ್ 2021ರಲ್ಲಿ ಸಾದಾ ತಪಾಸಣೆಗೆ ಸಂಶಯದ ಅಗತ್ಯವಿಲ್ಲವೆಂದು ಎತ್ತಿಹಿಡಿಯಿತು.

ಮುಖ್ಯವಾದ ವ್ಯತ್ಯಾಸ ಪಾಸ್‌ಪೋರ್ಟಿನದು. ಅಮೆರಿಕದ ಪ್ರಜೆ ಪಾಸ್‌ವರ್ಡ್ ಕೊಡಲೊಲ್ಲೆ ಎಂದರೆ ಸಾಧನ ಅಧಿಕಾರಿಗಳ ಬಳಿ ಉಳಿಯಬಹುದು, ಆದರೆ ಪ್ರಜೆಯನ್ನು ಹೊರಗೆ ಕಳುಹಿಸಲಾರರು. ವೀಸಾದ ಮೇಲೆ ಬಂದ ನಿಮ್ಮನ್ನು ಅದೇ ಕಾರಣಕ್ಕೆ ಮರಳಿ ವಿಮಾನ ಹತ್ತಿಸಬಹುದು. ಹೀಗಾಗಿ ಹಕ್ಕುಗಳ ಬಗ್ಗೆ ಇಲ್ಲಿನವರು ಬರೆಯುವ ಸಲಹೆಗಳನ್ನು ಓದುವಾಗ ಅವು ಯಾರಿಗಾಗಿ ಬರೆದವು ಎಂಬುದನ್ನು ಗಮನಿಸಿ.

ಲೆಕ್ಕಿಗ

ಸಿಬಿಪಿ ತಾನೇ ಪ್ರಕಟಿಸಿರುವ ಅಂಕಿಗಳ ಪ್ರಕಾರ 2024ರ ಹಣಕಾಸು ವರ್ಷದಲ್ಲಿ ಇಂಥ ತಪಾಸಣೆಗಳು 47,000ಕ್ಕಿಂತ ತುಸು ಹೆಚ್ಚು. ಅವುಗಳಲ್ಲಿಯೂ ಬಹುಪಾಲು ಸಾದಾ ತಪಾಸಣೆಗಳು. ಬಂದ ಪ್ರಯಾಣಿಕರ ಸಂಖ್ಯೆ 40 ಕೋಟಿಗೂ ಹೆಚ್ಚು. ಹತ್ತು ಸಾವಿರಕ್ಕೆ ಒಬ್ಬರ ಆಸುಪಾಸು. ಇಷ್ಟಕ್ಕೆ ಇಷ್ಟೊಂದು ಸಿದ್ಧತೆ ಏಕೆ?

ನ್ಯೂಜೆರ್ಸಿ ಕನ್ನಡತಿ

ಸರಾಸರಿ ಎಲ್ಲರ ಮೇಲೂ ಸಮನಾಗಿ ಹಂಚಿಹೋಗುವುದಿಲ್ಲ, ಲೆಕ್ಕಿಗರೇ. ಆ 40 ಕೋಟಿಯಲ್ಲಿ ಮೆಕ್ಸಿಕೊ, ಕೆನಡಾ ಗಡಿಗಳನ್ನು ಕಾರಿನಲ್ಲಿ, ಕಾಲ್ನಡಿಗೆಯಲ್ಲಿ ದಾಟುವವರೂ ಸೇರಿದ್ದಾರೆ. ಎರಡು ಲ್ಯಾಪ್‌ಟಾಪ್, ಎರಡು ಡಿಸ್ಕ್ ಹಿಡಿದು ಒಬ್ಬರೇ ಬರುವ ಸಂಶೋಧಕರು ಆ ಗುಂಪಿನ ಸಾಮಾನ್ಯ ಮಾದರಿಯಲ್ಲ. ಅದಿರಲಿ, ಭಾಗವತರಿಗೆ ಮಾತು ಕೊಟ್ಟಿರುವುದು ಸಂಭವನೀಯತೆಯನ್ನು ಲೆಕ್ಕ ಹಾಕಿ ಅಲ್ಲವಲ್ಲ.

ಸರ್ವರ್ ಕೋಣೆ

ತಾಂತ್ರಿಕ ಭಾಗವನ್ನು ನಾನು ಬರೆಯುತ್ತೇನೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್, ಎಲ್ಲ ಕಡೆಯೂ ನಡೆಯುವ ವೆರಾಕ್ರಿಪ್ಟ್, ಇವುಗಳಲ್ಲಿ ಯಾವುದನ್ನಾದರೂ ಬಳಸಿ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬಹುದು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಬಹುದು. ವಿಮಾನದಿಂದ ಇಳಿಯುವ ಮೊದಲು ಲ್ಯಾಪ್‌ಟಾಪನ್ನು ಪೂರ್ತಿಯಾಗಿ ಆಫ್ ಮಾಡಿ. ಮುಚ್ಚಳ ಮುಚ್ಚಿದರೆ ಅದು ನಿದ್ದೆಗೆ ಜಾರುತ್ತದೆಯಷ್ಟೆ, ಕೀಲಿಯು ಮೆಮೊರಿಯಲ್ಲೇ ಇರುತ್ತದೆ. ಬೆರಳಚ್ಚು, ಮುಖ ಗುರುತು ಇವುಗಳನ್ನು ಪ್ರಯಾಣದ ಮಟ್ಟಿಗೆ ತೆಗೆದುಹಾಕಿ.

ಹೆಚ್ಚಿನವರು ಹೇಳದ ಒಂದು ಸಂಗತಿಯಿದೆ. ವೆರಾಕ್ರಿಪ್ಟ್‌ನಿಂದ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ ಬಾಹ್ಯ ಡಿಸ್ಕನ್ನು ಬೇರೆ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ, ಅದು ಬೀಗ ಹಾಕಿದ ಡಿಸ್ಕ್ ಎಂದು ಆ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅದರ ಕಣ್ಣಿಗೆ ಅದು ಖಾಲಿ, ಕೆಟ್ಟ ಡಿಸ್ಕ್. ತಕ್ಷಣವೇ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಚೌಕ ಮೇಲೆದ್ದು ಬರುತ್ತದೆ. ಅಧಿಕಾರಿಯೋ, ಅವಸರದಲ್ಲಿರುವ ನೀವೋ, ಗ್ರಂಥಾಲಯದ ಸಹಾಯಕರೋ ಸುಮ್ಮನೆ ಹೌದು ಎಂದು ಒತ್ತಿದರೆ ಒಳಗಿನದೆಲ್ಲ ಕೈತಪ್ಪಬಹುದು. ಬಿಟ್‌ಲಾಕರ್ ಹಾಕಿದ ಡಿಸ್ಕಾದರೆ ಬೀಗದ ಚಿತ್ರ ತೋರಿಸಿ ಪಾಸ್‌ವರ್ಡ್ ಕೇಳುತ್ತದೆ. ಆದರೆ ಅದನ್ನು ಮ್ಯಾಕ್ ತಾನಾಗಿ ಓದಲಾರದು. ಆದ್ದರಿಂದ ಡಿಸ್ಕಿನ ಮೈಮೇಲೆ ಇದು ಎನ್‌ಕ್ರಿಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿ. ಇದರಿಂದ ಗಮನ ಸೆಳೆದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಡಿಸ್ಕ್ ಸಿಕ್ಕಿಸಿ ನೋಡುವ ಹಂತಕ್ಕೆ ಬಂದವರ ಗಮನವನ್ನು ನೀವು ಆಗಲೇ ಸೆಳೆದಾಗಿರುತ್ತದೆ.

ಡೇಟಾವನ್ನು ಕ್ಲೌಡಿಗೆ ಏರಿಸಿ ಬರಿಗೈಯಲ್ಲಿ ಹೋಗಿ ಎಂಬ ಸಲಹೆ ಕಡತಗಳಿಗೆ ಸರಿ, ವಿಡಿಯೊಗೆ ಕಷ್ಟ. 4 ಟಿಬಿಯನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಎಲ್ಲೂ ನಿಲ್ಲದೆ ಏರಿಸಿದರೂ ಸುಮಾರು 89 ಗಂಟೆ ಬೇಕು. ಕರೆಂಟ್ ಹೋಗಿಬರುವ ಊರುಗಳಲ್ಲಿ ಆ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಲೆಕ್ಕಿಗ

ವೆರಾಕ್ರಿಪ್ಟ್‌ನಲ್ಲಿ ಗುಪ್ತ ವಾಲ್ಯೂಮ್ ಎಂಬ ಸೌಲಭ್ಯವಿದೆಯಲ್ಲ. ಒಂದು ಪಾಸ್‌ವರ್ಡ್ ಕೊಟ್ಟರೆ ಸಾಮಾನ್ಯ ಕಡತಗಳು, ಇನ್ನೊಂದು ಕೊಟ್ಟರೆ ನಿಜವಾದವು. ಮೊದಲನೆಯದನ್ನು ಕೊಟ್ಟು ಸುಮ್ಮನಿದ್ದರೆ ಹಾವೂ ಸಾಯದು, ಕೋಲೂ ಮುರಿಯದು.

ಸರ್ವರ್ ಕೋಣೆ

ಸೌಲಭ್ಯ ಇದೆ, ತಾಂತ್ರಿಕವಾಗಿ ಚೆನ್ನಾಗಿಯೂ ಇದೆ. ಆದರೆ ಡಿಸ್ಕಿನಲ್ಲಿ ಇಷ್ಟೇ ಇರುವುದೇ ಎಂದು ಅಧಿಕಾರಿ ಕೇಳಿದಾಗ ಹೌದು ಎಂದರೆ ಅದು ಸುಳ್ಳು. ಅಮೆರಿಕದಲ್ಲಿ ಸರ್ಕಾರಿ ಅಧಿಕಾರಿಗೆ ತಿಳಿದೂ ತಿಳಿದೂ ಸುಳ್ಳು ಹೇಳುವುದೇ ಪ್ರತ್ಯೇಕ ಅಪರಾಧ. ಪಾಸ್‌ವರ್ಡ್ ಕೊಡುವುದಿಲ್ಲ ಎಂದರೆ ಡಿಸ್ಕ್ ಹೋಗಬಹುದು, ಹೆಚ್ಚೆಂದರೆ ಪ್ರಯಾಣ ಕೆಡಬಹುದು. ಯಕ್ಷಗಾನದ ಸಂದರ್ಶನಗಳಿಗಾಗಿ ಅಪರಾಧದ ಅಂಚಿಗೆ ಹೋಗುವುದು ನನಗೆ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ.

ಥೇಮ್ಸ್ ತೀರ

ಲಂಡನ್ ಮಾರ್ಗವಾಗಿ ಹೋಗುವವರೆಂದು ಓದಿ ಇದನ್ನು ಬರೆಯುತ್ತಿದ್ದೇನೆ. ವಿಮಾನ ಬದಲಿಸುವುದಷ್ಟೇ, ದೇಶದೊಳಗೆ ಕಾಲಿಡುವುದಿಲ್ಲ, ಆದ್ದರಿಂದ ಇಲ್ಲಿನ ಕಾನೂನು ತಾಗದು ಎಂದು ಅನೇಕರು ತಿಳಿದಿದ್ದಾರೆ. ಬ್ರಿಟನ್ನಿನ 2000ದ ಭಯೋತ್ಪಾದನಾ ಕಾಯ್ದೆಯ 7ನೇ ಷೆಡ್ಯೂಲ್ ಪ್ರಕಾರ ಬಂದರು, ವಿಮಾನ ನಿಲ್ದಾಣಗಳಲ್ಲಿ ಯಾರನ್ನಾದರೂ ಸಂಶಯದ ಕಾರಣ ಹೇಳದೆಯೇ ತಡೆದು ಪ್ರಶ್ನಿಸಬಹುದು, ವಸ್ತುಗಳನ್ನು ಏಳು ದಿನಗಳವರೆಗೆ ಪರೀಕ್ಷೆಗೆ ಇಟ್ಟುಕೊಳ್ಳಬಹುದು. 2013ರ ಆಗಸ್ಟ್‌ನಲ್ಲಿ, ಸ್ನೋಡೆನ್ ದಾಖಲೆಗಳ ಬಗ್ಗೆ ಬರೆದ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರ ಸಂಗಾತಿ ಡೇವಿಡ್ ಮಿರಾಂಡಾ ಅವರನ್ನು ಹೀಥ್ರೊದಲ್ಲಿ ಸುಮಾರು ಒಂಬತ್ತು ಗಂಟೆ ತಡೆದಿಟ್ಟರು. ಅವರು ಬರ್ಲಿನ್‌ನಿಂದ ರಿಯೊಗೆ ಹೋಗುತ್ತಾ ಅಲ್ಲಿ ವಿಮಾನ ಬದಲಿಸುತ್ತಿದ್ದವರಷ್ಟೆ. ಅವರಿಂದ ವಶಪಡಿಸಿಕೊಂಡದ್ದರಲ್ಲಿ ಎನ್‌ಕ್ರಿಪ್ಟ್ ಆಗಿದ್ದ ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್‌ಗಳಿದ್ದವು. ತಡೆದದ್ದು ಕಾನೂನುಬದ್ಧವೆಂದೂ, ಆದರೆ ಪತ್ರಕರ್ತರ ಸಾಮಗ್ರಿಗೆ ಆ ಷೆಡ್ಯೂಲ್‌ನಲ್ಲಿ ಸಾಕಷ್ಟು ರಕ್ಷಣೆಯಿಲ್ಲವೆಂದೂ 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇದೇ ಷೆಡ್ಯೂಲ್‌ನಡಿ ಪಾಸ್‌ವರ್ಡ್ ಕೊಡಲು ನಿರಾಕರಿಸಿದ, ಕೇಜ್ ಎಂಬ ಸಂಘಟನೆಯ ಮುಹಮ್ಮದ್ ರಬ್ಬಾನಿ ಅವರು ತಪ್ಪಿತಸ್ಥರೆಂದು 2017ರಲ್ಲಿ ತೀರ್ಪಾಯಿತು. ಇದು ಭಯೋತ್ಪಾದನೆಗೆ ಸಂಬಂಧಿಸಿದ ಕಾನೂನು, ಯಕ್ಷಗಾನ ವಿದ್ವಾಂಸರು ಹೆದರಬೇಕಾಗಿಲ್ಲ. ಆದರೆ ಮಾರ್ಗಮಧ್ಯದ ದೇಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನ್ಯೂಜಿಲೆಂಡ್‌ಗೆ ಹೋಗುವವರು ಯಾರಾದರೂ ಓದುತ್ತಿದ್ದರೆ, ಅಲ್ಲಿ 2018ರ ಅಕ್ಟೋಬರ್‌ನಿಂದ, ಸಂಶಯಕ್ಕೆ ಕಾರಣವಿದ್ದು ಕೇಳಿದಾಗ ಸಾಧನ ತೆರೆದುಕೊಡದಿದ್ದರೆ 5,000 ನ್ಯೂಜಿಲೆಂಡ್ ಡಾಲರ್‌ವರೆಗೆ ದಂಡವಿದೆ.

ಹೊಸೂರು ರಸ್ತೆ

ನಾನು ಚಿಪ್ ವಿನ್ಯಾಸದ ಕ್ಷೇತ್ರದವನು. ಕಾಲೇಜಿನ ಲ್ಯಾಪ್‌ಟಾಪ್ ಎಂದಿರಲ್ಲ, ಕಚೇರಿ ಲ್ಯಾಪ್‌ಟಾಪ್ ಒಯ್ಯುವ ಎಲ್ಲರಿಗೂ ಅನ್ವಯಿಸುವ ಮಾತು ಇದು. ಲ್ಯಾಪ್‌ಟಾಪಿನೊಳಗಿನ ವಿನ್ಯಾಸ ಕಡತವನ್ನು ಗಡಿಯಾಚೆ ಒಯ್ಯುವುದು ಕೂಡ ಕಾನೂನಿನ ದೃಷ್ಟಿಯಲ್ಲಿ ರಫ್ತಾಗಬಹುದು. ಸೇನೆಗೂ ನಾಗರಿಕರಿಗೂ ಬಳಕೆಯಾಗುವ ತಂತ್ರಜ್ಞಾನಕ್ಕೆ ಭಾರತದಲ್ಲಿ ಸ್ಕೋಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿಯಿದೆ, ಅಮೆರಿಕಕ್ಕೆ ಅದರದೇ ರಫ್ತು ನಿಯಮಗಳಿವೆ. 2017ರ ಡಿಸೆಂಬರ್‌ನಲ್ಲಿ ಭಾರತ ಇಂಥ ರಫ್ತಿನ ನಿಯಂತ್ರಣಕ್ಕೆ ಹಲವು ದೇಶಗಳು ಮಾಡಿಕೊಂಡ ವಾಸೆನಾರ್ ಒಪ್ಪಂದಕ್ಕೆ ಸೇರಿದ್ದರಿಂದ ಈ ಪಟ್ಟಿಗಳು ಬಹುಮಟ್ಟಿಗೆ ಹೊಂದಿಕೊಂಡಿವೆ. ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪಿನಲ್ಲಿರುವ ಸಾಮಾನ್ಯ ಎನ್‌ಕ್ರಿಪ್ಷನ್ ಬಗ್ಗೆ ಚಿಂತೆ ಬೇಡ, ಕೆಲಸದ ಕಡತಗಳ ಬಗ್ಗೆ ಇರಲಿ. ನಮ್ಮಲ್ಲಿ ವಿದೇಶಕ್ಕೆ ಹೊರಡುವವರಿಗೆ ಬರಿದಾದ ಬೇರೆ ಲ್ಯಾಪ್‌ಟಾಪ್ ಕೊಡುತ್ತಾರೆ, ತಲುಪಿದ ಮೇಲೆ ಕಚೇರಿಯ ಜಾಲದ ಮೂಲಕ ಬೇಕಾದ್ದನ್ನು ತೆರೆದುಕೊಳ್ಳುತ್ತೇವೆ. ಕಾಲೇಜಿನ ಯಂತ್ರದಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಇದ್ದರೆ ಅವುಗಳಿಗೆ ಅಮೆರಿಕದಲ್ಲಿ ಏನು ಕೆಲಸ? ಆ ಲ್ಯಾಪ್‌ಟಾಪನ್ನು ಬಿಟ್ಟು ಹೋಗಲು ಸಾಧ್ಯವೇ ನೋಡಿ.

ಚಿತ್ರಸಂಕಲನ

ಸುಂಕ, ಡೇಟಾ ತಪಾಸಣೆ ಎರಡೂ ವಿಷಯಗಳು ಒಂದಕ್ಕೊಂದು ತಗುಲುವ ಒಂದು ಜಾಗವಿದೆ. ಅದು ನನ್ನ ಅನುಭವಕ್ಕೆ ಬಂದದ್ದು. ಸಾಕ್ಷ್ಯಚಿತ್ರವೊಂದರ ಕೆಲಸಕ್ಕೆ ಹೋದಾಗ, ಯಾವ ದೇಶವೆಂದು ಹೇಳುವುದಿಲ್ಲ, ಒಂದು ಡಿಸ್ಕನ್ನು ಪರೀಕ್ಷೆಗೆಂದು ಇಟ್ಟುಕೊಂಡು ರಸೀದಿ ಕೊಟ್ಟರು. ಪರೀಕ್ಷೆ ಮುಗಿಯುವ ಹೊತ್ತಿಗೆ ನಾನು ಊರಿಗೆ ಮರಳಿದ್ದೆ, ಅವರು ಅದನ್ನು ಕೊರಿಯರ್‌ನಲ್ಲಿ ಕಳುಹಿಸಿದರು. ಆಗ ಶುರುವಾಯಿತು. ಕೊರಿಯರ್‌ನಲ್ಲಿ ಬಂದದ್ದು ಪ್ರಯಾಣಿಕನ ಬ್ಯಾಗೇಜ್ ಅಲ್ಲ, ಆಮದಾದ ಸರಕು. ಗುರುತಿನ ದಾಖಲೆ ಕೊಡಿ, ಬೆಲೆ ಹೇಳಿ, ಸುಂಕ ಕಟ್ಟಿ ಎಂದರು. ಇದು ಇಲ್ಲಿಂದಲೇ ಹೋದದ್ದು ಎಂದು ಹೇಳಿದರೆ, ಹೋದದ್ದಕ್ಕೆ ಪುರಾವೆ ಏನೆಂದು ಕೇಳಿದರು. ಹೊರಡುವಾಗ ಮಾಡಿಸಿಕೊಂಡಿದ್ದ ಎಕ್ಸ್‌ಪೋರ್ಟ್ ಸರ್ಟಿಫಿಕೇಟಿನಲ್ಲಿ ಡಿಸ್ಕಿನ ಸೀರಿಯಲ್ ನಂಬರ್ ಇದ್ದುದರಿಂದ ವಿಷಯ ಅಲ್ಲಿಗೆ ನಿಂತಿತು. ಸುಂಕದಕಟ್ಟೆಯವರು ಹಳೆಯ ಸಾಮಾನಿಗೆ ಬಿಲ್ ಸಾಕೆಂದರು, ನಾನು ಒಪ್ಪುವುದಿಲ್ಲ. ಡಿಸ್ಕಿನ ಬೆಲೆ ಕಡಿಮೆಯಿದ್ದರೂ ನಿಮ್ಮ ಕೈಬಿಟ್ಟು ಹೋಗುವ ಸಾಧ್ಯತೆ ಇರುವುದು ಅದಕ್ಕೇ.

ಇನ್ನೊಂದು: ಡಿಸ್ಕ್ ಮರಳಿದ ಮೇಲೆ ಕಡತಗಳು ಬದಲಾಗಿವೆಯೇ ಎಂದು ನೋಡಲು, ಹೊರಡುವ ಮೊದಲೇ ಎಲ್ಲ ಕಡತಗಳ ಚೆಕ್‌ಸಮ್ (ಕಡತ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ಮನೆಯಲ್ಲಿಟ್ಟಿರಬೇಕು. ಯಾರಾದರೂ ನಕಲು ಮಾಡಿಕೊಂಡರೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಸುಂಕದಕಟ್ಟೆ

ಚಿತ್ರಸಂಕಲನದವರ ಮಾತನ್ನು ಒಪ್ಪುತ್ತೇನೆ. ಬ್ಯಾಗಿನಲ್ಲಿ ಹೋಗಿ ಬ್ಯಾಗಿನಲ್ಲೇ ಬರುವ ಸಾಮಾನನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಬರೆದಿದ್ದೆ.

ಚಿತ್ರೀಕರಣ ತಂಡಗಳಿಗೆ, ಸಾಮಾನನ್ನು ತಾತ್ಕಾಲಿಕವಾಗಿ ಸುಂಕವಿಲ್ಲದೆ ಒಯ್ದು ತರಲು, ಎಟಿಎ ಕಾರ್ನೆಟ್ ಎಂಬ ದಾಖಲೆಯೂ ಇದೆ. ಭಾರತದಲ್ಲಿ ಅದನ್ನು ವಾಣಿಜ್ಯ ಸಂಘಟನೆಯಾದ ಫಿಕ್ಕಿ ಕೊಡುತ್ತದೆ, ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ, ಭದ್ರತಾ ಮೊತ್ತ ಇಡಬೇಕಾಗುತ್ತದೆ. ಅದರ ಪಟ್ಟಿಯಲ್ಲಿರುವ ಪ್ರತಿಯೊಂದು ವಸ್ತುವೂ ಮರಳಿ ಬರಲೇಬೇಕು. ಗ್ರಂಥಾಲಯಕ್ಕೆ ಡಿಸ್ಕ್ ಕೊಟ್ಟು ಬರುವವರಿಗೆ ಅದು ಹೊಂದುವುದಿಲ್ಲ, ನಿಮ್ಮ ಪ್ರಮಾಣಕ್ಕೆ ಬೇಕಾಗಿಯೂ ಇಲ್ಲ.

ಕುಡ್ಲದವ

ಡಿಸ್ಕುಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಯಾರೂ ನೋಡುವುದಿಲ್ಲ ಎನ್ನುತ್ತಾರೆ. ಎಕ್ಸ್‌ರೇಯಿಂದ ಡೇಟಾ ಅಳಿಸಿಹೋಗುತ್ತದೆ ಎಂದೂ ಕೇಳಿದ್ದೇನೆ.

ಸರ್ವರ್ ಕೋಣೆ

ಎರಡೂ ಸರಿಯಲ್ಲ. ಚೆಕ್-ಇನ್ ಬ್ಯಾಗುಗಳೂ ಎಕ್ಸ್‌ರೇ ಆಗುತ್ತವೆ, ಎಕ್ಸ್‌ರೇಯಿಂದ ಹಾರ್ಡ್ ಡಿಸ್ಕಿಗೂ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೂ ತೊಂದರೆಯಿಲ್ಲ. ತೊಂದರೆಯಿರುವುದು ಬ್ಯಾಗನ್ನು ಎತ್ತಿ ಒಗೆಯುವುದರಲ್ಲಿ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಆ ಪೆಟ್ಟು ತಾಳದು, ಎಸ್‌ಎಸ್‌ಡಿ ತಾಳೀತು. ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳನ್ನಂತೂ ಚೆಕ್-ಇನ್‌ಗೆ ಹಾಕುವಂತೆಯೇ ಇಲ್ಲ. 100 ವ್ಯಾಟ್-ಅವರ್‌ವರೆಗೆ ಕೇಳುವವರಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಬಡಗುತಿಟ್ಟು

ಎಲ್ಲರಿಗೂ ಋಣಿ. ಮನೆಯಲ್ಲಿ ಕೂತು ಯೋಚಿಸಿದ ಮೇಲೆ ಹೀಗೆ ಮಾಡುವುದೆಂದು ತೀರ್ಮಾನಿಸಿದ್ದೇನೆ. ಸಂದರ್ಶನಗಳ ಡಿಸ್ಕ್ ಊರಲ್ಲೇ ಉಳಿಯುತ್ತದೆ. ಉಪನ್ಯಾಸಕ್ಕೆ ಬೇಕಾದ ತುಣುಕುಗಳನ್ನು ಮಾತ್ರ, ಆಯಾ ಕಲಾವಿದರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಚಿಕ್ಕದೊಂದು ಎಸ್‌ಎಸ್‌ಡಿಗೆ ಹಾಕಿಕೊಳ್ಳುತ್ತೇನೆ. ಅದನ್ನು ಯಾರು ತೆರೆದು ನೋಡಿದರೂ ನನಗೆ ಅಡ್ಡಿಯಿಲ್ಲ. ಕಾಲೇಜಿನ ಲ್ಯಾಪ್‌ಟಾಪ್ ಒಯ್ಯುವುದಿಲ್ಲ. ಪ್ರದರ್ಶನಗಳ ಡಿಸ್ಕ್ ಗ್ರಂಥಾಲಯದ ಪತ್ರದೊಂದಿಗೆ ಬರುತ್ತದೆ, ಅದಕ್ಕೆ ಎನ್‌ಕ್ರಿಪ್ಷನ್ ಹಾಕುವುದಿಲ್ಲ. ಉಳಿದಿರುವುದು ಒಂದೇ ಪ್ರಶ್ನೆ: ಎಕ್ಸ್‌ಪೋರ್ಟ್ ಸರ್ಟಿಫಿಕೇಟಿನಲ್ಲಿ ಗ್ರಂಥಾಲಯದ ಡಿಸ್ಕನ್ನೂ ಬರೆಸಬೇಕೇ?

ಸುಂಕದಕಟ್ಟೆ

ಬೇಡ. ಆ ಪ್ರಮಾಣಪತ್ರ ಮರಳಿ ತರುವ ವಸ್ತುಗಳಿಗೆ ಮಾತ್ರ, ನಿಮ್ಮ ಲ್ಯಾಪ್‌ಟಾಪ್ ಮತ್ತು ಎಸ್‌ಎಸ್‌ಡಿ ಎರಡನ್ನು ಬರೆಸಿದರೆ ಸಾಕು. ಎಸ್‌ಎಸ್‌ಡಿಯ ಸೀರಿಯಲ್ ನಂಬರ್ ಹಿಂಬದಿಯಲ್ಲಿ ಬಹಳ ಸಣ್ಣ ಅಕ್ಷರದಲ್ಲಿರುತ್ತದೆ, ಅದರ ಫೋಟೋ ತೆಗೆದು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಗನ್ನು ಚೆಕ್-ಇನ್‌ಗೆ ಒಪ್ಪಿಸುವ ಮೊದಲೇ ಕಸ್ಟಮ್ಸ್‌ನವರನ್ನು ವಿಚಾರಿಸಿ, ಅದಕ್ಕೆಂದು ಒಂದು ಗಂಟೆ ಮುಂಚಿತವಾಗಿ ಹೊರಡಿ. ಪ್ರಮಾಣಪತ್ರದ ಮೂಲ ಪ್ರತಿ ಕೈಚೀಲದಲ್ಲಿರಲಿ, ಅದರ ಫೋಟೋ ಮನೆಯವರ ಫೋನಿನಲ್ಲೂ ಇರಲಿ.